ಆಕ್ಚುಲಿಯ ಹುಟ್ಟೂರು

1991ರಲ್ಲಿ ನಾನು ಓದು ನಿಲ್ಲಿಸಿದೆ. ಓದೇ ನನ್ನನ್ನು ನಿಲ್ಲಿಸಿತು ಎನ್ನುವವರೂ ಊರಲ್ಲಿದ್ದಾರೆ. ಅವರ ಮೋಟಾರು ರಿಪೇರಿಯೂ ನನ್ನದೇ ಆದ್ದರಿಂದ ಜೋರಾಗಿ ಹೇಳುವುದಿಲ್ಲ. ಎಂಟನೇ ಕ್ಲಾಸು ಬಿಟ್ಟು, ಮೊಳಕಾಲ್ಮೂರು ಸೀಮೆಯ ನಮ್ಮೂರಿನಿಂದ ಚಳ್ಳಕೆರೆಗೆ, ಸೋದರಮಾವನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೊರಟ ದಿನ ಇಂಗ್ಲಿಷ್ ಮೇಷ್ಟ್ರು ಬಸ್ಸಿನ ತನಕ ಬಂದಿದ್ದರು.

"ಹೋಗು ಓಬಳೇಶ. ಆದ್ರೆ ಎಂದಾದ್ರೂ ಒಂದು ಇಂಗ್ಲಿಷ್ ಪದ ಪೂರ್ತಿ, ಅರ್ಥ ಏನು, ಎಲ್ಲಿಂದ ಬಂತು ಎಲ್ಲಾ ಕಲ್ತು ಬಂದು ನಂಗೆ ಹೇಳ್ಬೇಕು ಕಣೋ."

ಈಚೆಗೆ ನಮ್ಮೂರ ಶಾಲೆಯಲ್ಲಿ ಅದೇ ಮೇಷ್ಟ್ರಿಗೆ ಸನ್ಮಾನ ಇಟ್ಟರು. ಹಳೆ ವಿದ್ಯಾರ್ಥಿಗಳ ಪರವಾಗಿ ಎರಡು ಮಾತಾಡಲು ನನಗೇ ಕರೆ ಬಂತು! ಶಾಲೆಯ ಬೋರ್‌ವೆಲ್ ಮೋಟಾರು ಸುಟ್ಟಿತ್ತು, ಆ ಕೆಲಸಕ್ಕೂ ನನಗೇ ಕರೆ. ಯಾವುದು ಮೊದಲು ಹೊಳೆಯಿತು ಎಂದು ನಾನು ಕೇಳಲಿಲ್ಲ.

ಮೇಷ್ಟ್ರಿಗೆ ಅಂದು ಬಾಕಿ ಉಳಿದ ಪದ ಆರಿಸಿದೆ: ಆಕ್ಚುಲಿ. ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಸಾಕು, ಎಲ್ಲರ ಬಾಯಲ್ಲೂ ಅದೇ. ಅರ್ಥ ತಿಳಿಯಲು ನನ್ನ ಅಂಗಡಿಯ ಪಕ್ಕದ ಟ್ರ್ಯಾಕ್ಟರ್ ಮೆಕ್ಯಾನಿಕ್ ರಫೀಕ್ ಭಾಯ್ ಬಳಿ ಹೋದೆ.

"ಅರೆ ಭಾಯ್, ಯಾವನಾದ್ರೂ 'ಆಕ್ಚುಲಿ ಗಾಡಿ ನಾನು ಓಡಿಸಿಲ್ಲ' ಅಂದ್ನಾ? ಗುದ್ದಿದ್ದು ಅವನೇ!"

ಇದು ಮೇಷ್ಟ್ರ ಮುಂದೆ ಹೇಳುವ ಅರ್ಥವಲ್ಲ. ಕೊನೆಗೆ ಮಗಳು ದಪ್ಪ ನಿಘಂಟು ತೆಗೆದು ಓದಿ ಹೇಳಿದಳು. ಲ್ಯಾಟಿನ್ ಭಾಷೆಯ 'ಮಾಡು' ಎಂಬ ಮಾತಿನಿಂದ ಹುಟ್ಟಿ, ಫ್ರೆಂಚರ ಬಾಯಲ್ಲಿ ಬೆಳೆದು, ಇಂಗ್ಲಿಷಿಗೆ ಬಂದು ಸೇರಿದ ಪದವಂತೆ. ಮೊದಲಿನ ಅರ್ಥ 'ಕೆಲಸದಲ್ಲಿ, ಮಾಡಿ ತೋರಿಸಿ'. ನಡುವೆ 'ಸದ್ಯಕ್ಕೆ' ಎಂದೂ ಇತ್ತು. ಆಮೇಲೆ 'ನಿಜವಾಗಿ'. ಈಗ ಎದುರಿನವರ ಮಾತನ್ನು ಮೆಲ್ಲಗೆ ತಿದ್ದಲೂ ಬರುತ್ತದೆ.

ಬಾಯಿಪಾಠ ಶುರುವಾಯಿತು. ಮುದ್ದೆ ಮುರಿಯುವಾಗಲೂ ಲ್ಯಾಟಿನ್!

"ಏನ್ರೀ, ಆ ಪದದ ವಂಶಾವಳಿ ಎಲ್ಲ ವಿಚಾರಿಸ್ತಿದೀರಲ್ಲ," ಅಂದಳು ಹೆಂಡತಿ ಗಂಗಮ್ಮ, "ಮಗಳನ್ನ ಕೊಡ್ತೀರಾ ಅದಕ್ಕೆ?"

ಸಮಾರಂಭದ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಶಾಲೆಯ ಪಂಪಿನ ಕೋಣೆಯಲ್ಲಿ ಕೊನೆಯ ವೈರುಗಳನ್ನು ಕೂಡಿಸಿದೆ. ಕೈಯಲ್ಲಿ ಸ್ಕ್ರೂ, ಬಾಯಲ್ಲಿ ಲ್ಯಾಟಿನ್. ಸ್ವಿಚ್ ಒತ್ತಿದೆ. ಗುಂಯ್ ಎಂದಿತು. ನಲ್ಲಿ ತಿರುಗಿಸಿ ನೋಡುವ ವ್ಯವಧಾನ ಯಾರಿಗಿತ್ತು? ವೇದಿಕೆ ಕರೆಯುತ್ತಿತ್ತು!

"ಪೂಜ್ಯ ಗುರುಗಳೇ, ಆಕ್ಚುಲಿ ಎಂಬ ಪದವು..."

ಅಡುಗೆಯ ತಿಪ್ಪಕ್ಕ ಓಡಿ ಬಂದಳು. "ಓಬಳೇಶಣ್ಣಾ, ಊಟಕ್ಕೆ ಎಲೆ ಹಾಕೈತೆ, ತೊಟ್ಟು ನೀರು ಬರ್ತಿಲ್ಲ!"

"ಆಕ್ಚುಲಿ, ಮೋಟಾರು ಸರಿಯಾಗೈತೆ ತಿಪ್ಪಕ್ಕ..."

"ಲೇ ಓಬಳೇಶ," ಅಂದರು ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರು, "ಇಂಗ್ಲಿಷ್ ಆಮೇಲೆ ಬಿಡುವಿಯಂತೆ. ಮೊದ್ಲು ನೀರು ಬಿಡೋ!"

ಸಭೆಯೆಲ್ಲ ಚಪ್ಪಾಳೆ. ನನ್ನ ಭಾಷಣಕ್ಕೆ ಸಿಕ್ಕ ಚಪ್ಪಾಳೆ ಅದೊಂದೇ!

ಓಡಿ ಹೋಗಿ ನೋಡಿದರೆ ಎರಡು ವೈರು ಅದಲುಬದಲಾಗಿವೆ. ಹಾಗಾದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಸದ್ದು ಮಾಡುತ್ತದೆ, ನೀರೆತ್ತುವುದಿಲ್ಲ. ಥೇಟ್ ನನ್ನ ಭಾಷಣ! ಸರಿಮಾಡಿ ಸ್ವಿಚ್ ಒತ್ತಿದೆ. ಪೈಪಿನ ಜಾಯಿಂಟಿನಿಂದ ಕೆಂಪು ನೀರು ಚಿಮ್ಮಿ ಬಿಳಿ ಅಂಗಿಗೇ ಮೊದಲ ಅಭಿಷೇಕ ಮಾಡಿತು.

ಮೇಷ್ಟ್ರು ಕೈ ತೊಳೆಯಲು ನಲ್ಲಿಯ ಹತ್ತಿರ ಬಂದರು.

"ಈಗ ಹೇಳೋ. ಯಾವ ಪದ?"

"ಆಕ್ಚುಲಿ, ಸಾರ್."

"ಅರ್ಥ?"

"ಬರೀ ಬಾಯಲ್ಲಲ್ಲ ಸಾರ್, ಮಾಡಿ ತೋರ್ಸೋದು."

ಮೇಷ್ಟ್ರ ಮುಖ ಅರಳಿತು. "ಭೇಷ್! ಎಲ್ಲಿಂದ ಬಂತೋ ಅದು?"

ಅಷ್ಟು ದಿನದ ಬಾಯಿಪಾಠ ನಲ್ಲಿ ನೀರಿನ ಜೊತೆ ಹರಿದು ಹೋಗಿತ್ತು. ಅವರು ಕಾಯುತ್ತಿದ್ದರು.

"ಚಳ್ಳಕೆರೆಯಿಂದ, ಸಾರ್!"

ನಕ್ಕು ನಕ್ಕು ಮೇಷ್ಟ್ರು ನಲ್ಲಿ ಹಿಡಿದು ನಿಂತರು. ಆಮೇಲೆ ಒದ್ದೆ ಕೈಯಲ್ಲೇ ನನ್ನ ಕಿವಿ ಹಿಂಡಿದರು. ಈ ವಯಸ್ಸಿನಲ್ಲಿ ನನ್ನ ಕಿವಿ ಹಿಂಡುವವರು ಇನ್ನು ಯಾರಿದ್ದಾರೆ? ಇನ್ನೊಂದು ಸಲ ಹಿಂಡಲಿ ಅನ್ನಿಸಿತು.

ಈಗ ನನ್ನಲ್ಲಿರುವುದು ಇಷ್ಟು: ಸ್ವಂತ ಅಂಗಡಿ ಒಂದು. ಹೆಂಡತಿ ಒಬ್ಬಳು. ಮಗಳು ಒಬ್ಬಳು. ಕೆಂಪಾದ ಬಿಳಿ ಅಂಗಿ ಒಂದು. ಇಂಗ್ಲಿಷ್ ಪದ, ಅರ್ಧ.