ಚಿಕ್ಕಮ್ಮನ ಹಲ್ಲು, ಬೊಳ್ಳುವಿನ ಹೊಟ್ಟೆ

ಲಾಯಿಲದಲ್ಲಿ ದಾರಿ ತಪ್ಪಿತು. ಇಸ್ತಾಂಬುಲ್‌ನ ಗಲ್ಲಿಗಳಲ್ಲಿ ಒಬ್ಬಳೇ ತಿರುಗಿದವಳು ನಾನು, ಇಲ್ಲಿ ಪ್ರಾಣಿಗಳ ಕ್ಲಿನಿಕ್ ಹುಡುಕುತ್ತಾ ಅದೇ ರಬ್ಬರ್ ತೋಟಕ್ಕೆ ಮತ್ತೆ ಮತ್ತೆ ಸುತ್ತು ಹಾಕುತ್ತಿದ್ದೆ. ನಾಯಿ ಸಾಕಿದ ಮನೆಯಲ್ಲಿ ಇಂಥದ್ದಕ್ಕೆ ಬರವಿಲ್ಲ. ನಮ್ಮ ಬೊಳ್ಳು ಈ ಮೊದಲು ನೆಂಟರ ಸಾಕ್ಸು, ಟೀವಿ ರಿಮೋಟಿನ ಗುಂಡಿ ಎಲ್ಲ ರುಚಿ ನೋಡಿದವನು.

ದಾರಿ ಕೇಳಿದ್ದು

ಸ್ಕೂಟರಿನವರೊಬ್ಬರನ್ನು ನಿಲ್ಲಿಸಿದೆ. ದನಕ್ಕೆ ಹುಷಾರಿಲ್ಲವಾ ಎಂದರು. ಅಲ್ಲ, ನಾಯಿ ಹಲ್ಲಿನ ಸೆಟ್ ನುಂಗಿದೆ ಎಂದೆ.

“ಯಾರದ್ದು?”

ದಾರಿ ಹೇಳಲಿಕ್ಕೆ ಅದು ಯಾಕೆ ಬೇಕೋ. ಕಾರಿನ ಹಿಂದಿನ ಸೀಟಿನಲ್ಲಿ ಬೊಳ್ಳುವನ್ನು ತಬ್ಬಿ ಕೂತಿದ್ದ ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸ್ಕೂಟರಿನವರು ಅರ್ಥ ಮಾಡಿಕೊಂಡು, ಸ್ಕೂಟರ್ ಮುಂದೆ ಬಿಟ್ಟು ಕ್ಲಿನಿಕ್ಕಿನವರೆಗೂ ಬಂದರು. ಉಪಕಾರಕ್ಕಲ್ಲ, ಎಕ್ಸ್‌ರೇ ನೋಡಲಿಕ್ಕೆ.

ನಗುವ ಹೊಟ್ಟೆ

ಎಕ್ಸ್‌ರೇಯಲ್ಲಿ ಮುಂದಿನ ಹಲ್ಲುಗಳು ಸಾಲಾಗಿ ಕಂಡವು. ಬೊಳ್ಳುವಿನ ಹೊಟ್ಟೆ ನಗುತ್ತಿತ್ತು. ಡಾಕ್ಟರು ನಗಲಿಲ್ಲ. ಸೆಟ್ಟಿನ ತಂತಿ ಕರುಳಿಗೆ ಚುಚ್ಚಿದರೆ ಜೀವಕ್ಕೇ ಅಪಾಯ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬೇಡಿ, ನಾಳೆಯವರೆಗೆ ಮುಂದೆ ಸರಿಯದಿದ್ದರೆ ಆಪರೇಷನ್ನೇ ಎಂದರು. ಅದನ್ನು ನಾಯಿಗೆ ಸಿಗುವಲ್ಲಿ ಯಾಕಿಟ್ಟಿರಿ ಎಂದೂ ಗದರಿದರು.

“ಬಿಸಿಲಿಗೆ ಇಟ್ಟದ್ದು, ಹಪ್ಪಳದ ಪಕ್ಕ,” ಎಂದರು ಚಿಕ್ಕಮ್ಮ. “ಹಪ್ಪಳ ಮುಟ್ಟಲಿಲ್ಲ ಡಾಕ್ಟ್ರೇ. ಒಳ್ಳೆ ನಾಯಿ.”

ಹರಕೆ

ನಮ್ಮಲ್ಲಿ ಏನಾದರೂ ಕಳೆದುಹೋದರೆ ಕೊರಗಜ್ಜ ದೈವಕ್ಕೆ ಚಕ್ಕುಲಿ, ವೀಳ್ಯ ಹರಕೆ ಹೇಳಿಕೊಳ್ಳುವುದು ವಾಡಿಕೆ. ಚಿಕ್ಕಮ್ಮ ಕಾರಿನಲ್ಲೇ ಹೇಳಿಕೊಂಡರು. ಕಳೆದುಹೋಗಲಿಲ್ಲವಲ್ಲ, ಎಲ್ಲಿ ಉಂಟು ಅಂತ ಫೋಟೋವೇ ಉಂಟಲ್ಲ ಎಂದೆ.

“ಉಂಟು. ಕೈಗೆ ಸಿಗಲಿಲ್ಲವಲ್ಲ ಮಾರಾಯ್ತಿ.”

ನಾನು ನಕ್ಕೆ. ಮನೆಗೆ ಬಂದ ಮೇಲೆ ಬೊಳ್ಳು ಅನ್ನ ಮೂಸಿಯೂ ನೋಡದೆ ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿದ. ಆಗ ಯಾರಿಗೂ ತಿಳಿಯದ ಹಾಗೆ ನಾನೂ ಒಂದು ಹರಕೆ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಬೊಳ್ಳು ಹೊರಕಡೆಗೆ ಕೂತೆದ್ದ ತೆಂಗಿನ ಬುಡದಲ್ಲಿ ಸೆಟ್ಟು ಸಿಕ್ಕಿತು. ಡಾಕ್ಟರು ಮತ್ತೊಂದು ಎಕ್ಸ್‌ರೇ ತೆಗೆದು, ನಾಯಿ ಪಾಸು ಎಂದರು. ಚಿಕ್ಕಮ್ಮ ಸೆಟ್ಟನ್ನು ಕುದಿಸಲಿಕ್ಕೆ ಇಟ್ಟರು. ಆ ಪಾತ್ರೆಯನ್ನು ನಾನು ಇವತ್ತಿಗೂ ಮುಟ್ಟಿಲ್ಲ.

ಸಾಲ ತೀರಿತು

ಬಂಟ್ವಾಳದ ಕಡೆಯ ಕೊರಗಜ್ಜನ ಕಟ್ಟೆಗೆ ಮೂವರೂ ಹೋದೆವು. ಚಿಕ್ಕಮ್ಮ ತಮ್ಮ ಚಕ್ಕುಲಿ ಇಟ್ಟರು. ನಾನೂ ಚೀಲದಿಂದ ಚಕ್ಕುಲಿಯ ಒಂದು ಕಟ್ಟು ತೆಗೆದೆ.

“ನಿನ್ನದೇನು ಕಳೆದಿತ್ತು?”

ಬೊಳ್ಳುವನ್ನು ತೋರಿಸಿದೆ. ಚಿಕ್ಕಮ್ಮ ಅವನ ತಲೆ ಸವರಿ, ಪ್ರಸಾದದ ಚಕ್ಕುಲಿಯನ್ನು ಕಟಂ ಎಂದು ಕಡಿದರು, ಅದೇ ಹಲ್ಲಿನಲ್ಲಿ. ಬೊಳ್ಳುವಿಗೂ ಒಂದು ತುಂಡು ಹಾಕಿದೆ. ಅವನು ಅದರತ್ತ ನೋಡಲೇ ಇಲ್ಲ. ಜೊಲ್ಲು ಸುರಿಸುತ್ತಾ ಚಿಕ್ಕಮ್ಮನ ಬಾಯಿಯನ್ನೇ ನೋಡುತ್ತಿದ್ದ.

ನಾನು ಹಗ್ಗ ಬಿಗಿ ಹಿಡಿದೆ.