ಕಳೆ ಮಿಷನ್ನಿನ ವಿಮಾನ

ಆಟದ ವಿಮಾನಕ್ಕೆ ಎಂಜಿನ್ ಹುಡುಕಿಕೊಂಡು ಹೊರಟವನನ್ನು ಎದುರಿಗೆ ಸಿಕ್ಕವರೆಲ್ಲ ತಪ್ಪಾಗಿಯೇ ತಿಳಿದುಕೊಳ್ಳುತ್ತಾರೆ. ಒಂದು ಸಲ ಹಾಗಾದರೆ ಅವರದು ತಪ್ಪು ಅನ್ನಬಹುದು. ಪ್ರತಿ ಸಲವೂ ಹಾಗೇ ಆದರೆ ತಪ್ಪು ನನ್ನಲ್ಲೇ ಇರಬೇಕು.

ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಹೊಂಗನೂರಿನಲ್ಲಿ. ವರ್ಷಗಟ್ಟಲೆ ಚಲನೆಯ ನಿಯಮಗಳನ್ನು ಬೋರ್ಡಿನ ಮೇಲೆ ಬರೆದೂ ಬರೆದೂ, ಒಂದು ಸಲವಾದರೂ ಏನನ್ನಾದರೂ ನಾನೇ ನೆಲದಿಂದ ಮೇಲಕ್ಕೆ ಎಬ್ಬಿಸಬೇಕು ಅನ್ನುವ ಆಸೆ ಹತ್ತಿಕೊಂಡಿತು. ಥರ್ಮಾಕೋಲು, ತೆಳು ಪ್ಲೈವುಡ್ಡು ಸೇರಿಸಿ ಆರಡಿ ರೆಕ್ಕೆಯ ವಿಮಾನ ಮಾಡಿ ಅಟ್ಟದ ಮೇಲೆ ಇಟ್ಟಿದ್ದೆ. ರಿಮೋಟೂ ಇತ್ತು. ಎಂಜಿನ್ ಒಂದೇ ಬಾಕಿ. ಕಳೆ ಕತ್ತರಿಸುವ ಮಿಷನ್ನಿನ ಎಂಜಿನ್ನನ್ನು ಸ್ವಲ್ಪ ಬದಲಾಯಿಸಿದರೆ ವಿಮಾನಕ್ಕೆ ಆಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ತೋರಿಸಿದ್ದರು. ದಸರಾ ರಜ ಬಂತು. ಹೊರಟೆ.

ಯಾವ ಬೆಳೆಗೆ?

ರಾಮನಗರದಲ್ಲಿ ಹೊಲದ ಯಂತ್ರಗಳನ್ನು ಮಾರುವ ಅಂಗಡಿಗೆ ಹೋಗಿ ಕಳೆ ಮಿಷನ್ ತೋರಿಸಿ ಎಂದೆ.

"ಯಾವ ಬೆಳೆಗೆ ಸಾರ್?" ಅಂದ ಅಂಗಡಿಯವನು.

"ಬೆಳೆಗಲ್ಲ, ವಿಮಾನಕ್ಕೆ."

ಅವನು ಕೈಲಿದ್ದ ಬಿಲ್ ಬುಕ್ ಕೆಳಗಿಟ್ಟ. "ವಿಮಾನದಲ್ಲೂ ಕಳೆ ಬತ್ತದಾ ಸಾರ್?"

"ಕಳೆಗಲ್ಲಪ್ಪ. ನನಗೆ ಎಂಜಿನ್ ಒಂದೇ ಸಾಕು. ಪೈಪು, ಬ್ಲೇಡು, ಹೆಗಲಿಗೆ ಹಾಕ್ಕೊಳೋ ಬೆಲ್ಟು ಏನೂ ಬೇಡ."

"ನೀವು ಎಂಜಿನ್ ತಕ್ಕೊಂಡೋದ್ರೆ ಮಿಕ್ಕಿದ್ದನ್ನ ನಾನು ಯಾರ್ಗೆ ಮಾರ್ಲಿ?"

ಇಡೀ ಮಿಷನ್ನನ್ನೇ ಕೊಂಡೆ. ಅವನು ವಾರಂಟಿ ಕಾರ್ಡು ತುಂಬಲು ಕೂತು ಮತ್ತೆ ತಲೆ ಕೆರೆದುಕೊಂಡ. ಅದರಲ್ಲಿ ಬೆಳೆ ಯಾವುದು ಎಂದು ಬರೆಯುವ ಜಾಗವಿತ್ತು. ನನ್ನ ಮುಖ ನೋಡಿದ, ಮೇಲೆ ಫ್ಯಾನು ನೋಡಿದ, ಆಮೇಲೆ ‘ತೆಂಗು’ ಎಂದು ಬರೆದ.

"ಅದೂ ಮೇಲೇ ಇರ್ತದಲ್ಲ ಸಾರ್" ಅಂದ.

ತಲೆಯಿಲ್ಲದ ಪೈಪು

ಮಿಷನ್ ಹೊತ್ತು ಬಸ್ಸಿಳಿದು ಮನೆಗೆ ಬಂದರೆ ನನ್ನ ಹೆಂಡತಿ ಜಗಲಿಯಿಂದ ಎದ್ದು ಬಂದಳು. ನಮ್ಮ ಹಿಪ್ಪುನೇರಳೆ ತೋಟ, ರೇಷ್ಮೆಹುಳ ಎಲ್ಲ ನೋಡಿಕೊಳ್ಳುವವಳು ಅವಳೇ. ಕಳೆ ಮಿಷನ್ ಬೇಕು ಎಂದು ಎರಡು ವರ್ಷದಿಂದ ಹೇಳುತ್ತಿದ್ದಳಂತೆ. ‘ಅಂತೆ’ ಯಾಕೆಂದರೆ, ನನಗೆ ಅದು ಜ್ಞಾಪಕವಿರಲಿಲ್ಲ.

"ಅಂತೂ ಇಂತೂ ತಂದ್ರಲ್ಲ!" ಅಂದಳು. ಮುಖ ಅರಳಿತ್ತು. ನಿಜ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾಫಿ ಬಂತು, ಜೊತೆಗೆ ಕೇಳದೆಯೇ ಚಕ್ಕುಲಿ ಬಂತು. ಅಂಥ ಹೊತ್ತಿನಲ್ಲಿ ನಿಜ ಹೇಳುವಷ್ಟು ಧೈರ್ಯ ನನಗಿಲ್ಲ.

ಮಾರನೆಯ ದಿನ ಅವಳು ಕಬ್ಬಾಳಮ್ಮನಿಗೆ ಪೂಜೆ ಮಾಡಿಸಲು ಕಬ್ಬಾಳಿಗೆ ಹೋದಳು. ನಾನು ಸ್ಪ್ಯಾನರ್ ತಗೊಂಡು ಕೂತೆ. ಅವಳು ಬರುವ ಹೊತ್ತಿಗೆ ಪೈಪು, ಬ್ಲೇಡು, ಬೆಲ್ಟು ಗೋಡೆಗೆ ಒರಗಿಕೊಂಡಿದ್ದವು.

"ಇದರ ತಲೆ ಎಲ್ರೀ?"

"ವಿಮಾನಕ್ಕೆ ಬೇಕಾಗಿತ್ತು ಕಣೆ. ಒಂದೇ ಒಂದು ಸಲ ಹಾರಿಸಿ ವಾಪಸ್ ಹಾಕ್ತೀನಿ."

ಅವಳು ಕೂಗಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಮರಿ ಸಾಕಿ ಮಾರುವವರಿಂದ ಕೊಂಡ, ಎರಡನೇ ಜ್ವರ ಎದ್ದ ರೇಷ್ಮೆಹುಳ ಆಗಷ್ಟೇ ಮನೆಗೆ ಬಂದಿತ್ತು. ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ಸುಮ್ಮನೆ ಮಲಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಅಂಥವು ನಾಲ್ಕು. ನಾಲ್ಕನೆಯದು ಎದ್ದ ಮೇಲೆ ಹುಳ ತಿನ್ನುವ ಸೊಪ್ಪಿಗೆ ಮಿತಿಯೇ ಇಲ್ಲ. ಹೊತ್ತುಹೊತ್ತಿಗೆ ತೋಟಕ್ಕೆ ಇಳಿಯಬೇಕು, ತೋಟದಲ್ಲೋ ಸೊಂಟದವರೆಗೆ ಕಳೆ.

"ನಾಲ್ಕನೇ ಜ್ವರ ಏಳಕ್ಕೆ ಇನ್ನು ಹತ್ತು ದಿನ ಐತೆ" ಅಂದಳು. "ಅವತ್ತು ಎಂಜಿನ್ ಬಂದು ಈ ಪೈಪ್ ಮೇಲೆ ಕೂತಿರ್ಬೇಕು. ಇಲ್ದೆವೋದ್ರೆ ನಿಮ್ಮನ್ನೇ ಈ ಪೈಪಿಗೆ ಕಟ್ಟಿ ತೋಟಕ್ಕೆ ಇಳಿಸ್ಬುಡ್ತೀನಿ."

ಎಷ್ಟು ಅಡಿ ಎತ್ತಬೇಕು?

ಎಂಜಿನ್ನಿನ ಮುಂಭಾಗಕ್ಕೆ ಪ್ರೊಪೆಲ್ಲರ್ ಅನ್ನುವ ಎರಡು ರೆಕ್ಕೆಯ ಫ್ಯಾನು ಕೂರಿಸಲು ಒಂದು ಕಬ್ಬಿಣದ ಬಿಲ್ಲೆ ಬೇಕಿತ್ತು. ಕನಕಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಲೇತಿನವರ ಹತ್ತಿರ ಹೋದೆ. ಅವರು ಎಂಜಿನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಎಷ್ಟಡಿ ಎತ್ತಬೇಕು?" ಅಂದರು.

"ಒಂದು ಇನ್ನೂರು ಅಡಿ."

"ಬೋರಾ?"

"ಬೋರಲ್ಲ. ಆಕಾಶಕ್ಕೆ."

"ಕೆಳಗಿಂದ ಮೇಲಕ್ಕೆ ತಾನೆ?"

"ಹೌದು."

"ಅಂಗಾದ್ರೆ ಎರಡೂ ಒಂದೇ ಬುಡಿ" ಅಂದು ಕೆಲಸಕ್ಕೆ ಕೂತರು. ಎರಡೂ ಒಂದೇ ಅಲ್ಲ ಎಂದು ವಿವರಿಸಲು ಹೊರಟರೆ, ಯಾಕೆ ಅಲ್ಲ ಎಂಬುದು ನನಗೇ ಹೊಳೆಯಲಿಲ್ಲ. ಕೆಲಸ ಮಾತ್ರ ಬಹಳ ಚೆನ್ನಾಗಿ ಮಾಡಿಕೊಟ್ಟರು. ನಾನು ಹೊರಟಾಗ ಹಿಂದಿನಿಂದ ಕೂಗಿ ಕರೆದರು.

"ಮೇಷ್ಟ್ರೇ, ಪಂಪಿಗೆ ಹಾಕೋ ಅಂಗೆ ಒಂದು ಫುಟ್‌ವಾಲ್ ಹಾಕ್ಕೊಳಿ. ಎಂಜಿನ್ ನಿಂತೋದ್ರೂ ಮೇಲಕ್ಕೋಗಿರೋದು ವಾಪಸ್ ಕೆಳಕ್ಕೆ ಬರಾಕಿಲ್ಲ."

ಎರಡು ಕಿವಿಯ ಕುದುರೆ

ಹಿತ್ತಲಲ್ಲಿ ಎಂಜಿನ್ ಚಾಲೂ ಮಾಡಿದೆ. ಗುಂಯ್ ಅಂದದ್ದೇ ತಡ, ಅದು ಮುಂದಕ್ಕೆ ನೆಗೆದು, ಕೊರಿಯರಿನಲ್ಲಿ ತರಿಸಿದ್ದ ಪ್ರೊಪೆಲ್ಲರ್ ಒಗೆಯುವ ಕಲ್ಲಿಗೆ ಬಡಿದು ಎರಡು ತುಂಡಾಯಿತು. ಒಂದು ತುಂಡು ಬಾವಿಗೆ ಬಿತ್ತು. ಇನ್ನೊಂದು ತರಿಸಿಕೊಳ್ಳೋಣವೆಂದರೆ ಬರುವಷ್ಟರಲ್ಲಿ ಹುಳ ಗೂಡು ಕಟ್ಟಿರುತ್ತದೆ. ಉಳಿದ ಅರ್ಧವನ್ನು ಹಿಡಿದುಕೊಂಡು ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡುವ ಯಜಮಾನರ ಹತ್ತಿರ ಓಡಿದೆ.

"ಈ ಕಡೆ ಹೆಂಗಿದೆಯೋ ಆ ಕಡೆಯೂ ಹಂಗೇ ಮಾಡಿಕೊಡಿ" ಎಂದೆ.

ಅವರಿಗೆ ಖುಷಿಯಾಯಿತು. ಗೊಂಬೆ ಮಾಡುವ ಮೆದು ಮರ ತಡೆಯುವುದಿಲ್ಲವೆಂದು ಗಟ್ಟಿ ಮರವನ್ನು ಆರಿಸಿ, ಎರಡು ದಿನ ಕೂತು ಕೆತ್ತಿ ಉಜ್ಜಿ, ನಾನು ಕೇಳದಿದ್ದರೂ ಅರಗಿನ ಕೆಂಪು, ಹಳದಿ, ಹಸಿರು ಪಟ್ಟೆ ಹಾಕಿ ಕೊಟ್ಟರು. ಕಣ್ಣು ತೆಗೆಯಲು ಆಗದಷ್ಟು ಚೆನ್ನಾಗಿತ್ತು.

"ನೋಡಿ, ಕುದುರೆ ಕಿವಿ ಇದ್ದಂಗೆ ಐತೆ" ಅಂದರು. "ಒಂದು ಎಡಕ್ಕೆ ವಾಲಿದ್ರೆ ಇನ್ನೊಂದು ಬಲಕ್ಕೆ. ನಲವತ್ತು ವರ್ಷ ಆಯ್ತು ಮೇಷ್ಟ್ರೇ, ನಾನು ಮಾಡಿದ ಕುದುರೆ ಒಂದಕ್ಕೂ ಕಿವಿ ಸೊಟ್ಟ ಬಂದಿಲ್ಲ."

ಕೈಕುಲುಕಿ ಬಂದೆ. ವಿಜ್ಞಾನದ ಮೇಷ್ಟ್ರು ನಾನು, ಒಂದು ಚೂರಾದರೂ ಅನುಮಾನ ಬರಬೇಡವೇ? ಬರಲಿಲ್ಲ.

ಯಾರ್ಲಾ ಹಿಡ್ಕೊಂಡಿರೋದು?

ಮಾಗಡಿ ಕಡೆ ಗುಡೇಮಾರನಹಳ್ಳಿಯಲ್ಲಿ ನನ್ನ ಭಾವಮೈದನ ಬೀಳು ಹೊಲವಿದೆ. ವಿಮಾನ ಹಾರಿಸಲು ಒಳ್ಳೆಯ ಜಾಗ. ಹೋಗುವಷ್ಟರಲ್ಲಿ ಅರ್ಧ ಊರು ಸೇರಿತ್ತು. ಎಂಜಿನ್ ಶುರುವಾದರೆ ವಿಮಾನ ಹಿಡಿತಕ್ಕೆ ಸಿಗುವುದಿಲ್ಲ, ನಾನು ಹೇಳುವವರೆಗೆ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಭಾವಮೈದನೂ ಸೇರಿ ನಾಲ್ಕು ಜನ ಗಟ್ಟಿಮುಟ್ಟು ಆಸಾಮಿಗಳನ್ನು ಕೂರಿಸಿದೆ. ಎಂಜಿನ್ ಆರ್ಭಟಿಸಿತು. ಧೂಳೆದ್ದಿತು. ನಾಲ್ವರೂ ಹಲ್ಲು ಕಚ್ಚಿ ಹಿಡಿದರು.

"ಬಿಡಿ!" ಎಂದು ಕೂಗಿದೆ.

ನಾಲ್ವರೂ ನಾಲ್ಕು ದಿಕ್ಕಿಗೆ ಹಾರಿ ಬಿದ್ದರು. ವಿಮಾನ ಮಾತ್ರ ಇದ್ದಲ್ಲೇ ನಿಂತು ನಡುಗುತ್ತಿತ್ತು. ಆಮೇಲೆ ಒಬ್ಬರಿಗೊಂದು ಸಲಹೆ. ಪೆಟ್ರೋಲು ಕಲಬೆರಕೆ ಅಂದರು. ಚಕ್ರ ಬಿಗಿ ಅಂದರು. ನಿಂಬೆಹಣ್ಣು ಕಟ್ಟಿಲ್ಲವಲ್ಲ ಅಂದರು. ನಾನು ಎಲ್ಲಕ್ಕೂ ಹೌದು ಎಂದು ತಲೆಯಾಡಿಸಿದೆ. ಎಂಜಿನ್ ಸರಿಯಿದೆ, ಪ್ರೊಪೆಲ್ಲರ್ ತಿರುಗುತ್ತಿದೆ, ವಿಮಾನ ಹೋಗುತ್ತಿಲ್ಲ ಅಂದರೆ ಇಷ್ಟು ವರ್ಷ ನಾನು ಪಾಠ ಮಾಡಿದ್ದೇನು?

ಧೂಳಿನಲ್ಲಿ ಬಿದ್ದಿದ್ದ ನನ್ನ ಭಾವಮೈದ ಎದ್ದು ಕೂತು ಮಿಕ್ಕ ಮೂವರ ಮೇಲೆ ರೇಗಿದ: "ಲೇ, ಬುಡು ಅಂದ್ರೂ ಇನ್ನೂ ಯಾರ್ಲಾ ಹಿಡ್ಕೊಂಡಿರೋದು?"

ಎಂಟನೇ ಕ್ಲಾಸು

ಇನ್ನು ಎರಡು ದಿನ ಉಳಿದಿತ್ತು. ಬೆಳಿಗ್ಗೆ ಜಗಲಿಯ ಮೇಲೆ ಪ್ರೊಪೆಲ್ಲರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹೆಂಡತಿ ಸೊಪ್ಪಿನ ಹೊರೆ ಇಳಿಸಿ ಅದನ್ನು ಕೈಗೆತ್ತಿಕೊಂಡಳು. ಒಂದು ಸಲ ತಿರುಗಿಸಿದಳು.

"ಇದು ಒಂದು ಕಡೆ ಗಾಳಿನ ಹಿಂದಕ್ಕೆ ನೂಕ್ತದೆ, ಇನ್ನೊಂದು ಕಡೆ ಮುಂದಕ್ಕೆ ನೂಕ್ತದೆ" ಅಂದಳು. "ಎರಡೂ ಕಿತ್ತಾಡ್ಕೊಂಡು ನಿಂತ್ರೆ ವಿಮಾನ ಎಲ್ಲಿಗೆ ಹೋಗ್ತದೆ?"

ನೋಡಿದೆ. ಹೌದು! ಕುದುರೆಯ ಕಿವಿ! ಫ್ಯಾನಿನ ರೆಕ್ಕೆಗಳೆಲ್ಲ ಒಂದೇ ಕಡೆಗೆ ವಾಲಬೇಕು. ಇವು ಕನ್ನಡಿಯಲ್ಲಿ ಕಂಡಂತೆ ಎದುರುಬದುರು ವಾಲಿದ್ದವು.

"ನಿನಗೆ ಹೆಂಗೆ ಗೊತ್ತಾಯ್ತೇ?"

"ಹುಳುಮನೇಲಿ ಎರಡು ಫ್ಯಾನು ಎದುರುಬದುರು ಮಡಗಿದ್ರೆ ನಡುವೆ ಇರೋ ಹುಳಕ್ಕೆ ಗಾಳೀನೇ ಸಿಕ್ಕಾಕಿಲ್ಲ. ನೀವು ಸ್ಕೂಲಲ್ಲಿ ಇದನ್ನೇ ಅಲ್ವಾ ಹೇಳ್ಕೊಡೋದು?"

ಮಾನ ಉಳಿಸಿಕೊಳ್ಳಬೇಕಿತ್ತು. "ಅದು ಒಂಬತ್ತನೇ ಕ್ಲಾಸಿನ ಪಾಠ" ಎಂದೆ.

"ಅದಕ್ಕೇ ಇರ್ಬೇಕು. ನಾನು ಎಂಟಕ್ಕೇ ಬುಟ್ಟೋಳು."

ಹದಿನೆಂಟು ಸಾಲು

ಆಟಿಕೆಯ ಯಜಮಾನರು ಬೇರೊಂದು ಕೆತ್ತಿಕೊಟ್ಟರು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. "ಸೊಟ್ಟ ಆಗೈತೆ. ನಾನು ಮಾಡಿದ್ದು ಅಂತ ಯಾರ್ಗೂ ಹೇಳ್ಬೇಡಿ" ಅಂದರು.

ಹುಳ ನಾಲ್ಕನೇ ಜ್ವರ ಎದ್ದ ದಿನ ಬೆಳಿಗ್ಗೆ ನಮ್ಮ ತೋಟದ ಪಕ್ಕದ ಬಯಲಿಗೆ ವಿಮಾನ ತಂದೆ. ಹೆಂಡತಿ ಬದುವಿನ ಮೇಲೆ ನಿಂತಳು, ಕೈಯಲ್ಲಿ ತಲೆಯಿಲ್ಲದ ಪೈಪು. ಎಂಜಿನ್ ಎಬ್ಬಿಸಿದೆ. ಯಾರೂ ಹಿಡಿಯಲಿಲ್ಲ. ವಿಮಾನ ಓಡಿತು, ಕುಪ್ಪಳಿಸಿತು, ಎದ್ದೇಬಿಟ್ಟಿತು! ತೆಂಗಿನ ಗರಿಗಳ ಮೇಲೆ ಒಂದು ಸುತ್ತು ಹಾಕಿತು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. "ಹಾರ್ತು ಕಣೇ!" ಎಂದು ಕೂಗಿದೆ. ಅವಳೂ ಪೈಪು ಎತ್ತಿ ಕೂಗಿದಳು.

ಅಷ್ಟರಲ್ಲಿ ಪೆಟ್ರೋಲು ಮುಗಿಯಿತು. ಕನಕಪುರದವರ ಫುಟ್‌ವಾಲು ಜ್ಞಾಪಕಕ್ಕೆ ಬಂತು. ವಿಮಾನ ಸದ್ದಿಲ್ಲದೆ ಇಳಿದು ನಮ್ಮ ಹಿಪ್ಪುನೇರಳೆ ತೋಟದೊಳಕ್ಕೆ ಹೋಗಿ ಕಾಣೆಯಾಯಿತು.

ಹುಡುಕಲು ಇಳಿದೆ. ಸೊಂಟದವರೆಗೆ ಕಳೆ, ತಲೆಯವರೆಗೆ ಸೊಪ್ಪು. ಎರಡು ಹೆಜ್ಜೆ ಆಚೆ ಏನೂ ಕಾಣದು. ಕಳೆ ತೆಗೆಯದೆ ವಿಮಾನ ಸಿಗುವುದಿಲ್ಲ. ಮಿಷನ್ ಇಲ್ಲದೆ ಕಳೆ ತೆಗೆಯಲಾಗುವುದಿಲ್ಲ. ಮಿಷನ್ನಿನ ಎಂಜಿನ್ ವಿಮಾನದಲ್ಲಿದೆ. ಇದನ್ನು ಎರಡು ಸಲ ಬಿಡಿಸಿ ಹೇಳಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡು ನನ್ನ ಕೈಗೆ ಕುಡುಗೋಲು ಕೊಟ್ಟಳು.

ಒಂದನೇ ಸಾಲಿನಿಂದ ಶುರು ಮಾಡಿದೆ. ಇಲ್ಲಿರಬಹುದು, ಮುಂದಿನ ಸಾಲಿನಲ್ಲಿರಬಹುದು ಎಂದು ಬಗ್ಗಿ ಬಗ್ಗಿ ಕೊಯ್ದೆ. ಊಟದ ಹೊತ್ತಿಗೆ ಒಂಬತ್ತು ಸಾಲು. ಸಂಜೆ ನಾಲ್ಕಕ್ಕೆ ಹದಿನೆಂಟನೆಯ ಸಾಲೂ ಮುಗಿಯಿತು. ಗಿಡಗಳ ಬುಡದ ನೆಲ ಬೋಳಾಗಿತ್ತು, ಸೊಂಟ ಬಿದ್ದುಹೋಗಿತ್ತು, ವಿಮಾನ ಇರಲಿಲ್ಲ. ಆಕಾಶದಿಂದ ಇಳಿದದ್ದು ನನ್ನ ಕಣ್ಣಾರೆ ನೋಡಿದ್ದೇನೆ, ನೆಲದ ಮೇಲೆ ಇಲ್ಲ. ಇದು ಯಾವ ನಿಯಮ?

"ವಿಮಾನ ಎಲ್ಲೂ ಇಲ್ವಲ್ಲೇ" ಎಂದೆ ಅಳುದನಿಯಲ್ಲಿ.

"ಅದಾ?" ಅಂದಳು ಹೆಂಡತಿ, ಸೊಪ್ಪು ಕತ್ತರಿಸುತ್ತ. "ನೀವು ಎರಡನೇ ಸಾಲಿಗೆ ಇಳಿಯೋವಾಗ್ಲೇ ಆ ತುದೀಲಿ ಸಿಕ್ತು. ಪೆಟ್ರೋಲ್ ವಾಸನೆ ಹುಳಕ್ಕೆ ಆಗಾಕಿಲ್ಲ ಅಂತ ಕೊಟ್ಟಿಗೇಲಿ ಮಡಗಿದೀನಿ."

ಅವಳು ಕಳೆ ಹೋದ ತೋಟವನ್ನು ಈ ತುದಿಯಿಂದ ಆ ತುದಿಗೆ ನೋಡಿ ತೃಪ್ತಿಯಿಂದ ತಲೆಯಾಡಿಸಿದಳು.

"ಎಂಜಿನ್ ಈಗ್ಲೇ ಏನೂ ಬಿಚ್ಬೇಡಿ. ನಾಳಿಕ್ಕೆ ಇನ್ನೊಂದ್ ಸಲ ಹಾರ್ಸಿ" ಅಂದಳು. "ಈ ಸಲ ಒಸಿ ತೆಂಗಿನ ತೋಟದ ಕಡೆ ಬೀಳ್ಸಿ. ಅಲ್ಲೂ ಕಳೆ ಜಾಸ್ತಿ ಆಗೈತೆ."