ಚೀಲದೊಳಗಿನ ಏಳನೆಯದು

"ನಾಳೆ ನಾನು ಮಾಡೋ ಪಾಠ ನೋಡಿ ಆ ದೊಡ್ಡ ಮೇಡಂ ಮೂಗಿನ ಮೇಲೆ ಬೆರಳಿಡದಿದ್ರೆ, ನಾನು ಲೆಕ್ಕದ ಮೇಷ್ಟ್ರೇ ಅಲ್ಲ!"

ಅಡುಗೆಮನೆಯಲ್ಲಿ ನಿಂತು ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಮೊಣಕಾಲು ಗಡಗಡ ನಡುಗುತ್ತಿತ್ತು. ಮೇಜು ಅಡ್ಡ ಇದ್ದುದರಿಂದ ಮಾನ ಉಳಿಯಿತು. ನಡುಗದೆ ಏನು? ಶಾಲೆಗೆ ಸೇರಿ ವರ್ಷವಾಗುತ್ತ ಬಂದಿತ್ತು. ದೊಡ್ಡ ಮೇಡಂ ಎಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ, ನಾಳೆ ಮೂರನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡುತ್ತಾರೆ. ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಯ ದಾರಿ. ಹಿಂದಿದ್ದ ಮೇಷ್ಟ್ರು ಹಿಡಿದದ್ದು ಮನೆಯ ದಾರಿಯನ್ನೇ. ನಮ್ಮ ಮೇಷ್ಟ್ರೋ, ಕುಕ್ಕರು ಕೂಗಿದರೂ ಬೆಚ್ಚಿಬೀಳುವ ಜೀವ!

ಆಕೃತಿ ಮತ್ತು ಸಂಭವನೀಯತೆ, ಎರಡನ್ನೂ ಒಂದೇ ಏಟಿಗೆ ಕಲಿಸುವುದು ಅವರ ಮಹಾಯೋಜನೆ. ಬಟ್ಟೆಚೀಲದೊಳಗೆ ಮೂರು ವೃತ್ತ, ಎರಡು ಚೌಕ, ಒಂದು ತ್ರಿಕೋನ. ನೋಡದೆ ಕೈಹಾಕಿದರೆ ಯಾವುದು ಬರಬಹುದು? ಲೋಕದ ಮೇಷ್ಟ್ರುಗಳೆಲ್ಲ ರಟ್ಟು ಕತ್ತರಿಸುತ್ತಾರೆ. ಇವರೂ ರಟ್ಟು ಕತ್ತರಿಸಿದರೆ ಇವರ ಹೆಚ್ಚುಗಾರಿಕೆ ಏನು ಬಂತು? ಹಿಟ್ಟು ಕಲಸಿ, ಸ್ಕೇಲಿಟ್ಟು ಅಳೆದು, ಘಮಘಮ ಎನ್ನುವ ಬಿಸ್ಕತ್ತುಗಳನ್ನೇ ಬೇಯಿಸಿಬಿಟ್ಟರು!

"ರೀ, ತಿನ್ನೋ ಪದಾರ್ಥ. ಡಬ್ಬೀಲಿ ಹಾಕಿ ಮುಚ್ಚಳ ಬಿಗಿ ಮಾಡಿ," ಎಂದಳು ಹೆಂಡತಿ.

"ಡಬ್ಬೀಲಿ ಅಲ್ಲಾಡಿದ್ರೆ ಮೂಲೆ ಮುರಿಯತ್ತೆ ಕಣೇ. ಮೂಲೆ ಮುರಿದ ಚೌಕ ಚೌಕಾನೇ ಅಲ್ಲ. ಚೀಲದಲ್ಲೇ ಇರಲಿ."

"ಸಂಜೆಯಿಂದ ಆ ಬೀರು ಹಿಂದೆ ಏನೋ ಪರಪರ ಅಂತಿದೆ."

"ಏನೋ ಅಂದ್ರೆ?" ಮೇಷ್ಟ್ರ ದನಿ ಕೀರಲಾಯಿತು.

"ಬಗ್ಗಿ ನೋಡಿ, ಗೊತ್ತಾಗತ್ತೆ."

ಬಗ್ಗಿ ನೋಡುವ ಎದೆಗಾರಿಕೆ ಇದ್ದಿದ್ದರೆ ಅವರು ಸೈನ್ಯ ಸೇರುತ್ತಿದ್ದರು. "ಗಾಳಿ!" ಎಂದು ತೀರ್ಪು ಕೊಟ್ಟು, ಚೀಲವನ್ನು ಮೇಜಿನ ಮೇಲೇ ಬಿಟ್ಟು, ದೀಪ ಆರಿಸಿ ಹೊರಗೋಡಿದರು. ಬೆಳಿಗ್ಗೆ ಅವಸರದಲ್ಲಿ ಒಳಗೆ ಇಣುಕದೆ ಚೀಲದ ಬಾಯಿಗೆ ದಾರ ಬಿಗಿದು ಶಾಲೆಗೆ ಹೊರಟರು.

ಪಾಠವೇನೋ ಜೋರಾಗಿಯೇ ಶುರುವಾಯಿತು.

"ಮಕ್ಕಳೇ, ನಾಳೆ ಸೂರ್ಯ ಹುಟ್ಟೋದು?"

"ಖಚಿತ!"

"ನಾಳೆ ಮಳೆ ಬರೋದು?"

"ಸಾಧ್ಯ!"

"ಈ ಬೆಂಚು ಎದ್ದು ಹಾರೋದು?"

"ಅಸಾಧ್ಯ!"

ದೊಡ್ಡ ಮೇಡಂ ತಲೆದೂಗಿದರು. ಮೇಷ್ಟ್ರು ಹಿರಿಹಿರಿ ಹಿಗ್ಗಿ, ಚೀಲದಲ್ಲಿರುವ ಆರು ಆಕೃತಿಗಳ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು, ದಾರ ಬಿಚ್ಚಿ, ಮೊದಲ ಬಿಸ್ಕತ್ತನ್ನು ಎತ್ತಿ ಹಿಡಿದರು. "ಇದು ಯಾವ ಆಕೃತಿ?"

"ಸಾರ್, ವೃತ್ತವನ್ನ ಯಾರೋ ಕಚ್ಚಿಬಿಟ್ಟಿದಾರೆ," ಎಂದಳು ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ.

ತರಗತಿ ಗೊಳ್ಳೆಂದಿತು. ಮೇಷ್ಟ್ರು ತಡಬಡಿಸಿ ಎರಡನೆಯದನ್ನು ತೆಗೆದರು.

"ಸಾರ್, ಈ ಚೌಕಕ್ಕೆ ಐದು ಮೂಲೆ ಇದೆ!"

ಮೂರನೆಯದಕ್ಕೆ ಕೈಹಾಕಿದಾಗ ಬೆರಳಿಗೆ ಏನೋ ಬೆಚ್ಚಗೆ ತಗುಲಿತು. ಬಿಸ್ಕತ್ತು ನಿನ್ನೆಯೇ ತಣ್ಣಗಾಗಿತ್ತು. ಅದೂ ಅಲ್ಲದೆ ಯಾವ ಬಿಸ್ಕತ್ತಿಗೂ ಕೂದಲಿರುವುದಿಲ್ಲ, ಉಸಿರಾಟವಂತೂ ಇರುವುದೇ ಇಲ್ಲ.

ಇಲಿ!

ಮೇಷ್ಟ್ರು ಸರಕ್ಕನೆ ಕೈ ಎಳೆದುಕೊಂಡು ಚೀಲದ ಬಾಯಿ ಬಿಗಿಹಿಡಿದರು. ಮಕ್ಕಳ ಲೆಕ್ಕದಲ್ಲಿ ಚೀಲದೊಳಗೆ ಉಳಿದದ್ದು ನಾಲ್ಕು. ಮೇಷ್ಟ್ರ ಲೆಕ್ಕದಲ್ಲಿ ಐದು, ಅದರಲ್ಲೊಂದು ಕಚ್ಚುವ ಪೈಕಿ. ಇಲಿ ಇದೆ ಎಂದರೆ ತರಗತಿಗೆ ಇಲಿ ತಂದವರೆಂದು ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಯಾರದಾದರೂ ಬೆರಳೇ ಹೋಗುತ್ತದೆ.

"ಮಕ್ಕಳಿಗೂ ಕೈಹಾಕೋಕೆ ಕೊಡಿ ಮೇಷ್ಟ್ರೇ," ಎಂದರು ದೊಡ್ಡ ಮೇಡಂ.

"ಬೇಡ ಮೇಡಂ! ಕೈ ತೊಳೆದಿಲ್ಲ!"

"ಯಾರು ತೊಳೆದಿಲ್ಲ?"

"ಎಲ್ಲರೂ!"

ಎರಡೇ ಬೆರಳ ತುದಿಯಲ್ಲಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ತಾವೇ ಒಂದೊಂದಾಗಿ ತೆಗೆಯತೊಡಗಿದರು. ಒಂದು ವೃತ್ತ ಬಂತು, ಸದ್ಯ ಬದುಕಿಕೊಂಡೆ ಎಂದುಕೊಂಡರು. ಆದರೆ ಒಂದು ಬಿಸ್ಕತ್ತು ಹೊರಬಂದಷ್ಟೂ ಮುಂದಿನ ಸಲ ಇಲಿಯೇ ಸಿಗುವ ಸಂಭವ ಹೆಚ್ಚುತ್ತಿತ್ತಲ್ಲ! ಐದರಲ್ಲಿ ಒಂದು ಇದ್ದದ್ದು ನಾಲ್ಕರಲ್ಲಿ ಒಂದಾಯಿತು. ಚೌಕ ಬಂದ ಮೇಲೆ ಮೂರರಲ್ಲಿ ಒಂದು. ಸಂಭವನೀಯತೆ ಇಷ್ಟು ಭಯಂಕರ ವಿದ್ಯೆಯೆಂದು ಪಠ್ಯಪುಸ್ತಕ ಬರೆದ ಪುಣ್ಯಾತ್ಮರು ಒಂದು ಮಾತು ಎಚ್ಚರಿಸಬಾರದಿತ್ತೇ! ಕೊನೆಯ ವೃತ್ತ ಈಚೆ ಬರುವಷ್ಟರಲ್ಲಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಆಗಲೇ ದೊಡ್ಡ ಮೇಡಂ ಎದ್ದು ಬಂದರು.

"ಕೊನೇದನ್ನ ನಾನೇ ತೆಗೀತೀನಿ. ಮಕ್ಕಳೇ, ಉಳಿದಿರೋದು ಒಂದು ತ್ರಿಕೋನ ಮಾತ್ರ. ನನ್ನ ಕೈಗೆ ತ್ರಿಕೋನ ಬರೋದು?"

"ಖಚಿತ!" ಎಂದು ಮಕ್ಕಳು ಛಾವಣಿ ಹಾರುವಂತೆ ಕೂಗಿದರು.

ಮೇಡಂ ಕೈ ಚೀಲದ ಬಾಯೊಳಗೆ ಇಳಿಯಿತು. ಮೇಷ್ಟ್ರಿಗೆ ಕಣ್ಣು ಕತ್ತಲಿಟ್ಟಿತು. ಕೆಲಸ ಹಾಳಾಗಿಹೋಗಲಿ, ಪಾಪ, ಆ ಹೆಂಗಸಿನ ಬೆರಳು ಉಳಿಯಲಿ!

"ಬೇಡ ಮೇಡಂ! ಖಚಿತ ಅಲ್ಲ! ಅರ್ಧಕ್ಕರ್ಧ ಇಲಿ!"

ಹೇಳಿದ್ದೇ ತಡ, ಚೀಲದಿಂದ ಬೂದು ಬಣ್ಣದ್ದೊಂದು ಛಂಗನೆ ನೆಗೆದು ಮೇಷ್ಟ್ರ ಬೂಟಿನ ಮೇಲೆ ಹಾಯ್ದು ಕಪಾಟಿನ ಕೆಳಗೆ ನುಗ್ಗಿತು. ಮಕ್ಕಳು ಹೋ ಎಂದು ಚಪ್ಪಾಳೆ ಹೊಡೆದರು. ಮೇಷ್ಟ್ರು ಕಣ್ಣು ಬಿಟ್ಟಾಗ ಅವರು ಮೇಜಿನ ಮೇಲಿದ್ದರು. ಯಾವಾಗ ಹತ್ತಿದರೋ ಅವರಿಗೇ ತಿಳಿಯದು.

ಕೈಯಲ್ಲಿ ತ್ರಿಕೋನ ಹಿಡಿದು, ಕೂದಲೂ ಕೊಂಕದೆ ನಿಂತಿದ್ದ ದೊಡ್ಡ ಮೇಡಂ ತಲೆಯೆತ್ತಿ ನೋಡಿದರು.

"ನೀವು ಕೂಗದಿದ್ರೆ ನನ್ನ ಬೆರಳಿಗೆ ಹೊಲಿಗೆ ಬೀಳ್ತಿತ್ತು. ಕೆಲಸ ಕಾಯಂ ಮೇಷ್ಟ್ರೇ. ಕೆಳಗೆ ಬಂದು ಸಹಿ ಹಾಕಿ."

"ಅದು... ಇಲಿ ಕಪಾಟಿನ ಕೆಳಗೇ ಇದೆಯಲ್ಲ ಮೇಡಂ..."

ಮೇಷ್ಟ್ರು ಕಾಲನ್ನು ಇನ್ನಷ್ಟು ಒಳಗೆಳೆದುಕೊಂಡರು.

"ಮಕ್ಕಳೇ," ಎಂದು ಮೇಡಂ ತರಗತಿಯತ್ತ ತಿರುಗಿದರು. "ನಿಮ್ಮ ಮೇಷ್ಟ್ರು ಇವತ್ತು ಕೆಳಗಿಳಿಯೋದು?"

ಇಡೀ ಮೂರನೇ ತರಗತಿ ಒಕ್ಕೊರಲಿನಿಂದ ಕೂಗಿತು:

"ಅಸಾಧ್ಯ!"

ಈ ಸಲವೂ ಎಲ್ಲರ ಉತ್ತರ ನೂರಕ್ಕೆ ನೂರು ಸರಿಯಾಗಿತ್ತು.